ಪರದೆಯ ಹಾಸುಹೊಕ್ಕು

ಇಳಕಲ್ಲಿನ ಸೀರೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಬಾಗಲಕೋಟೆ ಜಿಲ್ಲೆಯ ಈ ಊರಿನಲ್ಲಿಯೂ ಅದರ ನೆರೆಯ ಗ್ರಾಮಗಳಲ್ಲಿಯೂ ಕೈಮಗ್ಗದ ಸದ್ದು ತಲೆತಲಾಂತರದಿಂದ ಕೇಳಿಬರುತ್ತಿದೆ. ಈ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನದು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸುವುದೇ ಇಳಕಲ್ ನೇಯ್ಗೆಯ ವೈಶಿಷ್ಟ್ಯ. ಆದುದರಿಂದಲೇ ಇಲ್ಲಿ ಒಂದೊಂದು ಸೀರೆಗೂ ಒಂದೊಂದು ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕಾಗುತ್ತದೆ.

ಈಗ ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಒಡಲಿನ ಹಾಸಿನಲ್ಲಿ ನೂರು ಎಳೆಗಳಿವೆ, ಸೆರಗಿನ ಹಾಸಿನಲ್ಲಿ ಎಪ್ಪತ್ತು ಎಳೆಗಳು ಮಾತ್ರ ಇವೆ ಎಂದು ಭಾವಿಸಿರಿ. ನೇಕಾರನು ಏನು ಮಾಡಬೇಕು? ಮೂವತ್ತು ಎಳೆಗಳನ್ನು ಕೊಂಡಿಯಿಲ್ಲದೆ ಬಿಡಬೇಕು. ಇಲ್ಲವೇ ಅಲ್ಲಲ್ಲಿ ಎರಡೆಳೆಗಳನ್ನು ಒಂದೇ ಎಳೆಗೆ ಕಟ್ಟಬೇಕು. ಮೊದಲನೆಯದನ್ನು ಮಾಡಿದರೆ ಸೆರಗು ಕಿರಿದಾಗಿ, ಅಂಚಿನಲ್ಲಿ ಬರಿದು ಜಾಗ ಉಳಿಯುವುದು. ಎರಡನೆಯದನ್ನು ಮಾಡಿದರೆ ನೇಯ್ಗೆಯು ಒಂದೆಡೆ ದಟ್ಟವಾಗಿ, ಇನ್ನೊಂದೆಡೆ ವಿರಳವಾಗಿ ಕಾಣುವುದು. ಯಾವ ಉಪಾಯವನ್ನು ಹೂಡಿದರೂ ಸೀರೆಯನ್ನು ಬಲ್ಲವರ ಕಣ್ಣಿಗೆ ದೋಷವು ಮರೆಯಾಗದು. ಅನುಭವಸ್ಥನಾದ ನೇಕಾರನು ಎಳೆಗಳನ್ನು ಮೊದಲೇ ಎಣಿಸಿಕೊಂಡಿರುವುದರಿಂದ ಇಂತಹ ಸಂಕಟಕ್ಕೆ ಸಿಲುಕುವುದಿಲ್ಲ. ಆದರೆ ಗಣಕಯಂತ್ರದ ಚಪ್ಪಟೆ ಪರದೆಯು ಇದೇ ಸಂಕಟಕ್ಕೆ ದಿನವೂ ಸಿಲುಕುತ್ತದೆ. ಅದಕ್ಕೆ ನೂರು ಎಳೆಗಳಿರುವಾಗ ಎಪ್ಪತ್ತು ಎಳೆಗಳ ಚಿತ್ರವನ್ನು ಕಳುಹಿಸಿ, ಇದನ್ನು ಪರದೆಯ ತುಂಬ ತೋರಿಸು ಎಂದು ನಾವು ಆಜ್ಞೆ ಮಾಡುತ್ತೇವೆ. ಅದು ಹೇಗೋ ತೋರಿಸುತ್ತದೆ. ಹೇಗೆ ತೋರಿಸುತ್ತದೆ, ಹಾಗೆ ತೋರಿಸುವಾಗ ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಶಾಲೆಯ ಗಣಕಯಂತ್ರದ ಪರದೆಯನ್ನು ಒಂದು ಒಳ್ಳೆಯ ಭೂತಗನ್ನಡಿಯ ಮೂಲಕ ಪರೀಕ್ಷಿಸಿರಿ. ಬಿಳಿಯದೆಂದು ತೋರುತ್ತಿದ್ದ ಭಾಗವು ಬಿಳಿಯಲ್ಲ. ಕೆಂಪು, ಹಸಿರು, ನೀಲಿ ಬಣ್ಣದ ಅತಿ ಸಣ್ಣ ಪಟ್ಟಿಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಇಂತಹ ಮೂರು ಪಟ್ಟಿಗಳು ಸೇರಿ ಒಂದು ಚಿತ್ರಬಿಂದು. ಇದನ್ನೇ ಪಿಕ್ಸೆಲ್ ಎನ್ನುವರು. ಈ ಬಿಂದುಗಳು ಹಾಸುಹೊಕ್ಕಿನ ಎಳೆಗಳಂತೆ ಅಡ್ಡಸಾಲು ಉದ್ದಸಾಲುಗಳಲ್ಲಿ ಅಣಿಗೊಂಡಿರುತ್ತವೆ. ಈಗ ಬಹಳವಾಗಿ ಬಳಕೆಯಲ್ಲಿರುವ ಒಂದು ಬಗೆಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಇವನ್ನು ಗುಣಿಸಿದರೆ 20,73,600 ಬಿಂದುಗಳಾದವು. ಬಣ್ಣದ ಪಟ್ಟಿಗಳನ್ನು ಎಣಿಸಿದರೆ 62 ಲಕ್ಷವನ್ನು ಮೀರುತ್ತವೆ. ಕಾರ್ಖಾನೆಯಲ್ಲಿ ಗಾಜಿನ ಮೇಲೆ ಒಮ್ಮೆ ರಚಿತವಾದ ಈ ಬಿಂದುಗಳನ್ನು ಆಮೇಲೆ ಹೆಚ್ಚಿಸುವಂತಿಲ್ಲ, ಕಡಿಮೆ ಮಾಡುವಂತಿಲ್ಲ, ಕೂದಲೆಳೆಯಷ್ಟು ಅತ್ತಿತ್ತ ಸರಿಸುವಂತೆಯೂ ಇಲ್ಲ. ಮಗ್ಗದ ಹಣಿಗೆಯ ಸಂದುಗಳಲ್ಲಿ ಎಳೆಗಳನ್ನು ಪೋಣಿಸಿ ಹಾಸನ್ನು ಬಿಗಿದ ಮೇಲೆ ಎಳೆಗಳ ಸಂಖ್ಯೆ ಹೇಗೆ ಸ್ಥಿರವೋ ಹಾಗೆ. ಚಿತ್ರವೊಂದರಲ್ಲಿರುವ ಬಿಂದುಗಳ ಲೆಕ್ಕಕ್ಕೆ ರೆಸಲ್ಯೂಶನ್ ಎಂದು ಹೆಸರು. ಪರದೆಯಲ್ಲಿ ನಿಜವಾಗಿ ಇರುವ ಬಿಂದುಗಳ ಲೆಕ್ಕವನ್ನು ಅದರ ಸಹಜ ರೆಸಲ್ಯೂಶನ್ ಎಂದು ಕರೆಯೋಣ.

ಇಂತಹ ಪರದೆಗಳಲ್ಲಿ ಹೆಚ್ಚಿನವು ದ್ರವಸ್ಫಟಿಕದಿಂದ ಕೆಲಸ ಮಾಡುವಂಥವು. ದ್ರವಸ್ಫಟಿಕದ ಕಥೆಯೇ ಸ್ವಾರಸ್ಯಕರವಾದುದು. 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಎಂಬಾತನು ಒಂದು ವಸ್ತುವನ್ನು ಕಾಯಿಸುತ್ತಿದ್ದಾಗ ಅದು ಎರಡು ಬಾರಿ ಕರಗುವಂತೆ ತೋರಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಯಲ್ಲಿ ಆ ಮಬ್ಬು ಹರಿದು ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯಲ್ಲಿ ವಸ್ತುವು ದ್ರವದಂತೆ ಹರಿಯುತ್ತಿದ್ದರೂ ಅದರ ಅಣುಗಳಲ್ಲಿ ಸ್ಫಟಿಕದ ಶಿಸ್ತು ಸ್ವಲ್ಪಮಟ್ಟಿಗೆ ಉಳಿದಿತ್ತು. ಇಂತಹ ಅಣುಗಳನ್ನು ವಿದ್ಯುತ್ತಿನಿಂದ ಹೊರಳಿಸಬಹುದು. ಅವು ಹೊರಳಿದಂತೆ ಹಿಂದಿನ ದೀಪದ ಬೆಳಕು ಹೆಚ್ಚಾಗಿಯೋ ಕಡಿಮೆಯಾಗಿಯೋ ಹೊರಬೀಳುತ್ತದೆ. ಪರದೆಯ ಒಂದೊಂದು ಬಣ್ಣದ ಪಟ್ಟಿಯೂ ಹೀಗೆ ತೆರೆದು ಮುಚ್ಚುವ ಒಂದೊಂದು ಕಿಟಕಿ ಎನ್ನಬಹುದು.

ಈ ವಿಜ್ಞಾನದಲ್ಲಿ ಕನ್ನಡನಾಡಿನ ಪಾಲೂ ಇದೆಯೆಂಬುದು ನಮಗೆ ಅಭಿಮಾನದ ಸಂಗತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿದ ಶಿವರಾಮಕೃಷ್ಣ ಚಂದ್ರಶೇಖರ್ ಅವರು ತಮ್ಮ ಸಹೋದ್ಯೋಗಿಗಳೊಡನೆ 1977ರಲ್ಲಿ ಒಂದು ಹೊಸ ವರ್ಗದ ದ್ರವಸ್ಫಟಿಕವನ್ನು ಕಂಡುಹಿಡಿದರು. ಅದುವರೆಗೆ ಕಡ್ಡಿಯಾಕಾರದ ಅಣುಗಳಷ್ಟೇ ಇಂತಹ ಸ್ಥಿತಿಗೆ ಬರುವವೆಂಬ ಭಾವನೆ ಬಲವಾಗಿತ್ತು. ಬಿಲ್ಲೆಯಾಕಾರದ ಅಣುಗಳೂ ಬರಬಲ್ಲವೆಂದು ಅವರು ತೋರಿಸಿಕೊಟ್ಟರು. ಇಂತಹ ಬಿಲ್ಲೆಯಣುಗಳ ತೆಳುಪದರವನ್ನು ಮುಂದೆ ಚಪ್ಪಟೆ ಪರದೆಗಳಿಗೆ ಲೇಪಿಸಿ, ಓರೆಯಿಂದ ನೋಡುವವರಿಗೂ ಚಿತ್ರವು ಮಸುಕಾಗದಂತೆ ಮಾಡಲಾಯಿತು.

ಚಪ್ಪಟೆ ಪರದೆಗಳು ಬರುವ ಮೊದಲು ಇದ್ದುದು ಭಾರವಾದ ಗಾಜಿನ ಕೊಳವೆಯ ಪರದೆ. ಅದರ ಬೆನ್ನು ಉದ್ದವಾಗಿ ಹಿಂದಕ್ಕೆ ಚಾಚಿರುತ್ತಿತ್ತು. ಕೊಳವೆಯ ಹಿಂಭಾಗದಿಂದ ಹೊರಟ ಎಲೆಕ್ಟ್ರಾನುಗಳ ಧಾರೆಯು ಮುಂದಿನ ಗಾಜಿನ ಒಳಮೈಗೆ ಬಳಿದ ಪದಾರ್ಥಕ್ಕೆ ಬಡಿದಾಗ ಅಲ್ಲಿ ಬೆಳಕು ಹೊಮ್ಮುತ್ತಿತ್ತು. ಆ ಧಾರೆಯು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಓಡುತ್ತ ಚಿತ್ರವನ್ನು ಬರೆಯುತ್ತಿತ್ತು. ಆರುನೂರು ಗೆರೆ ಎಳೆಯೆಂದರೆ ಆರುನೂರು ಎಳೆಯುವುದು. ಏಳುನೂರ ಅರವತ್ತೆಂಟು ಎಂದರೆ ಅಷ್ಟನ್ನು ಸ್ವಲ್ಪ ಒತ್ತಾಗಿ ಎಳೆಯುವುದು. ಬಣ್ಣದ ಕೊಳವೆಯ ಗಾಜಿನ ಮೇಲೂ ಬಣ್ಣದ ಚುಕ್ಕೆಗಳೇನೋ ಇದ್ದವು. ಆದರೆ ಧಾರೆಯ ಮೊನೆಯು ಅಂತಹ ಹಲವು ಚುಕ್ಕೆಗಳನ್ನು ಒಟ್ಟಿಗೆ ಆವರಿಸುತ್ತಿದ್ದುದರಿಂದ ಚಿತ್ರದ ಬಿಂದುಗಳಿಗೂ ಗಾಜಿನ ಚುಕ್ಕೆಗಳಿಗೂ ಲೆಕ್ಕ ಹೊಂದಬೇಕೆಂಬ ನಿಯಮವಿರಲಿಲ್ಲ. ಅಂಗಳದಲ್ಲಿ ಕೈಬೀಸಿ ಎಳೆಯುವ ಎಳೆರಂಗೋಲಿಗೂ ಚುಕ್ಕಿಯಿಟ್ಟು ಬರೆಯುವ ರಂಗೋಲಿಗೂ ಇರುವ ವ್ಯತ್ಯಾಸ ಇದು. ಎಳೆರಂಗೋಲಿಯನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಚುಕ್ಕಿಯದಕ್ಕೆ ಚುಕ್ಕಿಗಳು ಹೊಂದಲೇಬೇಕು. ಹಳೆಯ ಕೊಳವೆಯ ಚಿತ್ರವು ಅಂಚಿನಲ್ಲಿ ತುಸು ಮೆತ್ತಗೆ ಕಾಣುತ್ತಿತ್ತೆಂಬುದು ನಿಜ. ಹಾಗೆಂದು ಅದನ್ನು ಹೀನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಯಾವ ಲೆಕ್ಕದ ಚಿತ್ರವನ್ನು ಕೊಟ್ಟರೂ ಅದು ಸಮನಾಗಿ ಬರೆಯುತ್ತಿತ್ತು. ಚಪ್ಪಟೆ ಪರದೆಗೆ ಆ ಔದಾರ್ಯವಿಲ್ಲ.

ಈ ವಿಷಯವು ಕೇವಲ ಚಿತ್ರದ ಅಂದಚಂದಕ್ಕೆ ಸಂಬಂಧಿಸಿದುದೆಂದು ತಿಳಿಯಬಾರದು. ಕರ್ನಾಟಕ ಸರ್ಕಾರವು ಭೂಮಿ ಎಂಬ ಯೋಜನೆಯ ಮೂಲಕ ರೈತರ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ದಾಖಲೆಗಳು ಕನ್ನಡ ಅಕ್ಷರಗಳಲ್ಲಿ ಪರದೆಯ ಮೇಲೆ ಮೂಡುವಂತಾಯಿತು. ಬಾದಾಮಿ, ಹುನಗುಂದದಂತಹ ತಾಲ್ಲೂಕು ಕೇಂದ್ರಗಳಿಗೆ ರೈತರು ಪಹಣಿಯ ಪ್ರತಿಯನ್ನು ಪಡೆಯಲು ಬರತೊಡಗಿದರು. ತನ್ನ ದಾಖಲೆಯಲ್ಲಿ ಏನು ನಡೆಯುತ್ತಿದೆಯೆಂಬುದನ್ನು ರೈತನು ಕಣ್ಣಾರೆ ನೋಡಲೆಂದು ಆ ಕೇಂದ್ರಗಳಲ್ಲಿ ಅವನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಡುವ ಏರ್ಪಾಡಾಗಿತ್ತು. ಇದು ಬಹಳ ವಿವೇಕದ ಏರ್ಪಾಡು. ಆದರೆ ನೋಡುವ ಪರದೆಯೇ ಮಸುಕಾಗಿದ್ದರೆ? ಸರ್ವೆ ನಂಬರಿನ 3 ಎಂಬುದು 8ರಂತೆ ಕಂಡರೆ? ಕನ್ನಡದಲ್ಲಿ ದನಕ್ಕೂ ಧನಕ್ಕೂ, ಬಾರಕ್ಕೂ ಭಾರಕ್ಕೂ ಇರುವ ಅಂತರವು ಅಕ್ಷರದ ಅಡಿಯಲ್ಲಿರುವ ಒಂದು ಚಿಕ್ಕ ಸೀಳು ಮಾತ್ರ. ಸಣ್ಣ ಅಕ್ಷರದಲ್ಲಿ ಆ ಸೀಳು ಒಂದೇ ಒಂದು ಬಿಂದುವಿನ ಅಗಲದ್ದು. ಆ ಒಂದು ಬಿಂದುವಿನ ಗತಿ ಏನಾಗುವುದೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಇದನ್ನು ಅಂಕಗಣಿತದಿಂದ ತಿಳಿಯಬಹುದು. ಚೌಕಳಿ ಹಾಳೆಯೊಂದನ್ನು ತೆಗೆದುಕೊಂಡು ಒಟ್ಟಿಗೆ ಮಾಡಿ ನೋಡಿರಿ. ಚಿತ್ರದ ಒಂದು ಸಾಲಿನಲ್ಲಿ ನಾಲ್ಕು ಬಿಂದುಗಳಿವೆ: ಕಪ್ಪು, ಬಿಳಿ, ಕಪ್ಪು, ಬಿಳಿ. ಪರದೆಯ ಅದೇ ಅಗಲದಲ್ಲಿ ಎಂಟು ಬಿಂದುಗಳಿದ್ದರೆ ತೊಂದರೆಯೇ ಇಲ್ಲ. ಒಂದೊಂದು ಬಣ್ಣವನ್ನು ಎರಡೆರಡು ಬಿಂದುಗಳಿಗೆ ಹಂಚಿದರಾಯಿತು. ಗೀರುಗಳು ದಪ್ಪವಾಗುವುವು, ಆದರೆ ಸಮನಾಗಿ ದಪ್ಪವಾಗುವುವು. ಅಂಚು ಕತ್ತರಿಸಿದಂತೆ ಇರುವುದು. ಅಡ್ಡಲಾಗಿ 3840, ಉದ್ದಕ್ಕೆ 2160 ಬಿಂದುಗಳುಳ್ಳ ಪರದೆಗೆ 1920 × 1080ರ ಚಿತ್ರವನ್ನು ಕೊಟ್ಟಾಗ ಇಂತಹ ಸುಲಭದ ಹಂಚಿಕೆ ಸಾಧ್ಯ. ಚಿತ್ರದ ಒಂದು ಬಿಂದುವಿಗೆ ಪರದೆಯ ನಾಲ್ಕು ಬಿಂದುಗಳ ಒಂದು ಚೌಕವು ದೊರೆಯುತ್ತದೆ.

ಪರದೆಯಲ್ಲಿ ಎಂಟರ ಬದಲು ಆರು ಬಿಂದುಗಳಿದ್ದರೆ ಏನಾಗುವುದು? ಈಗ ಒಂದು ಚಿತ್ರಬಿಂದುವಿಗೆ ಒಂದೂವರೆ ಪರದೆಬಿಂದು ಬರಬೇಕು. ಅರ್ಧ ಬಿಂದು ಎಂಬುದು ಪರದೆಯಲ್ಲಿಲ್ಲ. ಅರ್ಧ ಎಳೆಯನ್ನು ನೇಯುವ ನೇಕಾರನು ಎಲ್ಲಿದ್ದಾನೆ? ಇಲ್ಲಿ ಎರಡು ದಾರಿಗಳಿವೆ. ಹತ್ತಿರದ ಬಣ್ಣವನ್ನೇ ಎತ್ತಿಕೊಳ್ಳುವುದು ಒಂದು ದಾರಿ. ಆಗ ಸಾಲು ಹೀಗಾಗುತ್ತದೆ: ಕಪ್ಪು, ಕಪ್ಪು, ಬಿಳಿ, ಕಪ್ಪು, ಕಪ್ಪು, ಬಿಳಿ. ಸಮನಾಗಿದ್ದ ಗೀರುಗಳಲ್ಲಿ ಕಪ್ಪು ಇಮ್ಮಡಿಯಾಯಿತು, ಬಿಳಿ ಇದ್ದಷ್ಟೇ ಉಳಿಯಿತು. ಎರಡು ಬಣ್ಣಗಳ ಗಡಿ ಬಿದ್ದೆಡೆಯಲ್ಲಿ ಅವನ್ನು ಬೆರೆಸುವುದು ಇನ್ನೊಂದು ದಾರಿ. ಆಗ ಸಾಲು ಹೀಗೆ: ಕಪ್ಪು, ಬೂದು, ಬಿಳಿ, ಕಪ್ಪು, ಬೂದು, ಬಿಳಿ. ಅಳತೆಯ ಅನ್ಯಾಯ ತಪ್ಪಿತು. ಆದರೆ ಚಿತ್ರದಲ್ಲಿ ಎಲ್ಲಿಯೂ ಇಲ್ಲದಿದ್ದ ಬೂದುಬಣ್ಣವು ಹುಟ್ಟಿಕೊಂಡಿತು. ನಾವು ಮಸುಕು ಎನ್ನುವುದು ಈ ಬೂದುಬಣ್ಣವನ್ನೇ. 1280 × 720ರ ಚಿತ್ರವನ್ನು 1920 × 1080ರ ಪರದೆಯ ತುಂಬ ಹರಡಿದಾಗ ಅಡ್ಡಲಾಗಿಯೂ ಉದ್ದಕ್ಕೂ ನಡೆಯುವುದು ಇದೇ ಒಂದೂವರೆಯ ಲೆಕ್ಕ.

ಒಂದೂವರೆಯು ಎಷ್ಟೋ ವಾಸಿ. ಮೊದಲ ಪೀಳಿಗೆಯ ಹದಿನೇಳು ಅಂಗುಲದ ಚಪ್ಪಟೆ ಪರದೆಗಳಲ್ಲಿ ಸಾಮಾನ್ಯವಾಗಿ 1280 × 1024 ಬಿಂದುಗಳಿರುತ್ತಿದ್ದವು. ಅವುಗಳಿಗೆ 1024 × 768ರ ಚಿತ್ರವನ್ನು ಕೊಟ್ಟರೆ ಅಡ್ಡಸಾಲಿನಲ್ಲಿ ನಾಲ್ಕು ಬಿಂದುಗಳನ್ನು ಐದಕ್ಕೆ ಹಂಚಬೇಕು. ನಮ್ಮ ನಾಲ್ಕು ಗೀರುಗಳನ್ನು ಹಾಗೆ ಹಂಚಿ, ಗಡಿಯಲ್ಲಿ ಬೆರೆಸಿ ನೋಡಿರಿ: ಮೊದಲನೆಯದು ಕಪ್ಪು, ಎರಡನೆಯದು ತಿಳಿಬೂದು, ಮೂರನೆಯದು ನಡುಬೂದು, ನಾಲ್ಕನೆಯದು ಕಡುಬೂದು, ಐದನೆಯದು ಬಿಳಿ. ನಾಲ್ಕು ಗೀರುಗಳಲ್ಲಿ ತುದಿಯ ಎರಡು ಮಾತ್ರ ತಮ್ಮ ಬಣ್ಣದಲ್ಲಿ ಉಳಿದವು. ನಡುವಿನ ಎರಡರ ಗುರುತೇ ಹತ್ತಲೊಲ್ಲದು. ಸಾಲಿನುದ್ದಕ್ಕೂ ಈ ಆಟವು ಐದೈದು ಬಿಂದುಗಳಿಗೊಮ್ಮೆ ಮರುಕಳಿಸುವುದರಿಂದ ಒಂದು ಅಕ್ಷರದ ಕಾಲು ಸ್ಫುಟವಾಗಿಯೂ ಪಕ್ಕದ ಅಕ್ಷರದ ಅದೇ ಕಾಲು ಮಂಕಾಗಿಯೂ ಕಾಣುತ್ತದೆ. ಒಂದೇ ಪದದಲ್ಲಿ ಎರಡು ಬಾರಿ ಬಂದ ಒಂದೇ ಅಕ್ಷರವು ಎರಡು ಬಗೆಯಾಗಿ ತೋರುವುದುಂಟು. ಓದುವವನು ತನ್ನ ಕಣ್ಣಿನ ದೋಷವೆಂದು ಭ್ರಮಿಸಿ ಕನ್ನಡಕವನ್ನು ಒರೆಸಿಕೊಳ್ಳುತ್ತಾನೆ!

ಮೇಲಿನ ಉದಾಹರಣೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಡ್ಡಲಾಗಿ 1024ನ್ನು 1280ಕ್ಕೆ ಹಿಗ್ಗಿಸಿದರೆ ಹಿಗ್ಗು ಒಂದೂಕಾಲು ಪಟ್ಟು. ಉದ್ದಕ್ಕೆ 768ನ್ನು 1024ಕ್ಕೆ ಹಿಗ್ಗಿಸಿದರೆ ಒಂದು ಪೂರ್ಣಾಂಕ ಮೂರನೆಯ ಒಂದು ಪಟ್ಟು. ಎರಡೂ ಸಮವಲ್ಲ. ಆದುದರಿಂದ ಚಿತ್ರವು ಸ್ವಲ್ಪ ಎತ್ತರವಾಗಿ ಸೊರಗಿದಂತೆ ಕಾಣುತ್ತದೆ. ಈಗಿನ ಅಗಲವಾದ ಪರದೆಗಳಲ್ಲಿ ಇದಕ್ಕೆ ವಿರುದ್ಧವಾದ ದೋಷವು, ಇನ್ನೂ ಜೋರಾಗಿ ತಲೆದೋರುತ್ತದೆ. ಅದನ್ನು ಅರಿಯಲು ಬಾದಾಮಿಯ ಗುಹೆಗಳಿಗೆ ಹೋಗೋಣ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಳೇಶನು ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದನೆಂಬುದು ಶಾಸನದಿಂದ ತಿಳಿದುಬರುತ್ತದೆ. ಎರಡನೆಯ ಗುಹೆಯ ಮೇಲ್ಛಾವಣಿಯಲ್ಲಿ ಒಂದು ಚಕ್ರವನ್ನು ಕೆತ್ತಿದ್ದಾರೆ. ಹದಿನಾರು ಮೀನುಗಳೇ ಅದರ ಅರೆಕಾಲುಗಳು. ಸುತ್ತಲೂ ಚೌಕಾಕಾರದ ಕಟ್ಟು. ಇದರ ಛಾಯಾಚಿತ್ರವಿರುವ 1024 × 768ರ ಪುಟವನ್ನು 1920 × 1080ರ ಪರದೆಯ ಮೂಲೆಮೂಲೆಗೂ ಎಳೆದು ಹೊಂದಿಸಿದರೆ ಅಗಲವು ಎತ್ತರಕ್ಕಿಂತ ಮೂರನೆಯ ಒಂದು ಪಾಲು ಅಧಿಕವಾಗಿ ಹಿಗ್ಗುತ್ತದೆ. ಶಿಲ್ಪಿಯು ಗಟ್ಟಿಕಲ್ಲಿನಲ್ಲಿ ಅಷ್ಟು ಶ್ರಮಪಟ್ಟು ದುಂಡಗೆ ಮಾಡಿದ ಚಕ್ರವು ತತ್ತಿಯ ಆಕಾರಕ್ಕೆ ತಿರುಗುತ್ತದೆ. ಚೌಕದ ಕಟ್ಟು ಆಯತವಾಗುತ್ತದೆ. ಅಡ್ಡ ಮಲಗಿದ ಮೀನುಗಳು ಉದ್ದವಾಗಿ, ನಿಂತ ಮೀನುಗಳು ಕೊಬ್ಬುತ್ತವೆ.

ಚಿತ್ರದ ಪ್ರಮಾಣವನ್ನು ಕಾಯ್ದುಕೊಳ್ಳುವ ಉಪಾಯವೂ ಇದೆ. ಎತ್ತರವು 1080 ಆಗುವವರೆಗೆ ಮಾತ್ರ ಹಿಗ್ಗಿಸಿದರೆ ಅಗಲವು 1440ಕ್ಕೆ ಬಂದು ನಿಲ್ಲುತ್ತದೆ. ಎಡಬಲಗಳಲ್ಲಿ ತಲಾ 240 ಬಿಂದುಗಳಷ್ಟು ಅಗಲದ ಕಪ್ಪು ಪಟ್ಟಿಯು ಖಾಲಿ ಉಳಿಯುತ್ತದೆ. ಚಕ್ರವು ದುಂಡಗಾಯಿತು, ಮಸುಕು ಮಾತ್ರ ಹಾಗೆಯೇ ಉಳಿಯಿತು. ಮಸುಕನ್ನೂ ಕಳೆಯಬೇಕೆಂದರೆ ಹಿಗ್ಗಿಸುವುದನ್ನೇ ಬಿಡಬೇಕು. ಆಗ 1280 × 720ರ ಚಿತ್ರವು 1920 × 1080ರ ಪರದೆಯ ನಡುವೆ ತನ್ನಷ್ಟಕ್ಕೆ ತಾನು ಸ್ವಚ್ಛವಾಗಿ ನಿಲ್ಲುತ್ತದೆ. ಎಡಬಲಗಳಲ್ಲಿ 320, ಮೇಲೆ ಕೆಳಗೆ 180 ಬಿಂದುಗಳಷ್ಟು ಕಪ್ಪು ಅಂಚು. ಪರದೆಯ ವಿಸ್ತೀರ್ಣದ ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ ಬಳಕೆಗೆ ಬಂದಂತಾಯಿತು. ಕೊಂಡ ಪರದೆಯ ಅರ್ಧಕ್ಕೂ ಹೆಚ್ಚು ಭಾಗವನ್ನು ಕತ್ತಲಲ್ಲಿಡಲು ಯಾರೂ ಒಪ್ಪಲಾರರು. ಆದುದರಿಂದಲೇ ಹೆಚ್ಚಿನ ಪರದೆಗಳು, ನಾವು ಬೇರೇನೂ ಹೇಳದಿದ್ದಲ್ಲಿ, ಹಿಗ್ಗಿಸಿಯೇ ತೋರಿಸುತ್ತವೆ. ‘ಎಲ್ಲ ರೆಸಲ್ಯೂಶನ್‌ಗಳಿಗೂ ಹೊಂದಿಕೊಳ್ಳುವುದು’ ಎಂದು ಮಾರುವವರು ಹೇಳುವಾಗ ಈ ಹೊಂದಿಕೆಯ ಬೆಲೆಯೇನೆಂಬುದನ್ನು ಹೇಳುವುದಿಲ್ಲ.

ಹಾಗಾದರೆ ಅಕ್ಷರಗಳು ಚಿಕ್ಕವಾಗಿ ಕಾಣುವವರು, ಮುಖ್ಯವಾಗಿ ವಯಸ್ಸಾದವರು, ಏನು ಮಾಡಬೇಕು? ಅನೇಕರು ಮಾಡುವುದು ರೆಸಲ್ಯೂಶನ್ ಇಳಿಸುವ ಕೆಲಸವನ್ನೇ. ಇಳಿಸಿದೊಡನೆ ಎಲ್ಲವೂ ದೊಡ್ಡದಾಗಿ ಕಾಣುವುದರಿಂದ ಇದೇ ಸರಿಯಾದ ದಾರಿಯೆಂದು ತೋರುತ್ತದೆ. ಇದಕ್ಕಿಂತ ಉತ್ತಮವಾದ ದಾರಿಯೊಂದಿದೆ. ಅದನ್ನು ನಮ್ಮ ಕಡೆಯ ಹೆಣ್ಣುಮಕ್ಕಳ ಕಸೂತಿಯಿಂದಲೇ ಕಲಿಯಬಹುದು.

ಇಳಕಲ್ ಸೀರೆಗೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿಯನ್ನು ನಡೆಸುವರು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳು ಮೂಡುತ್ತವೆ. ಇಪ್ಪತ್ತು ಎಳೆಗಳ ಅಗಲದಲ್ಲಿ ತೇರನ್ನು ಹಾಕಿ ಬಲ್ಲವಳಿಗೆ ಮೂವತ್ತು ಎಳೆಗಳಲ್ಲಿ ಹಾಕೆಂದರೆ ಅವಳು ಹಳೆಯ ತೇರಿನ ಒಂದೊಂದು ಹೊಲಿಗೆಯನ್ನೂ ಒಂದೂವರೆ ಎಳೆಗೆ ಎಳೆಯಲು ಹೊರಡುವುದಿಲ್ಲ. ಅದು ಆಗದ ಮಾತೆಂದು ಅವಳ ಬೆರಳುಗಳೇ ಬಲ್ಲವು. ತೇರೆಂದರೇನು, ಅದರ ಗಾಲಿ ಎಲ್ಲಿ, ಕಳಸ ಎಲ್ಲಿ ಎಂಬುದು ಅವಳ ಮನಸ್ಸಿನಲ್ಲಿದೆ. ಅದನ್ನು ಮೂವತ್ತು ಎಳೆಗಳಿಗೆ ಹೊಂದುವಂತೆ ಅವಳು ಹೊಸದಾಗಿ ಎಣಿಸಿ ಹಾಕುತ್ತಾಳೆ. ಹಳೆಯದನ್ನು ಹಿಗ್ಗಿಸುವುದು ಬೇರೆ; ಹೊಸದಾಗಿ ಬರೆಯುವುದು ಬೇರೆ.

ಗಣಕಯಂತ್ರವೂ ಅಕ್ಷರಗಳ ಮಟ್ಟಿಗೆ ಈ ಕಸೂತಿಗಾರ್ತಿಯಂತೆ ನಡೆದುಕೊಳ್ಳಬಲ್ಲದು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವನ್ನು ಕಂಡರಿಸಿದವನಿಗೆ ಬಿಂದುಗಳ ಕಟ್ಟುಪಾಡಿರಲಿಲ್ಲ. ಉಳಿಯು ಯಾವ ದಿಕ್ಕಿಗೆ ಬೇಕಾದರೂ ಬಾಗುತ್ತಿತ್ತು. ಗಣಕಯಂತ್ರದ ಸ್ಮೃತಿಯಲ್ಲಿಯೂ ಒಂದೊಂದು ಅಕ್ಷರವು ಹಾಗೆಯೇ ಬಾಗುಗೆರೆಗಳ ರೂಪದಲ್ಲಿ ಇರುತ್ತದೆ. ಅದನ್ನು ಇಂತಿಷ್ಟು ದೊಡ್ಡದಾಗಿ ಬರೆ ಎಂದಾಗ, ಆ ಅಳತೆಯಲ್ಲಿ ಯಾವ ಯಾವ ಬಿಂದುಗಳು ಕಪ್ಪಾಗಬೇಕು, ಯಾವುವು ಬೂದಾಗಬೇಕು ಎಂದು ಅದು ಹೊಸದಾಗಿ ಲೆಕ್ಕಹಾಕುತ್ತದೆ. ಪರದೆಯು ತನ್ನ ಸಹಜ ರೆಸಲ್ಯೂಶನ್‌ನಲ್ಲಿದ್ದರೆ ಈ ಲೆಕ್ಕವು ನಿಜವಾದ ಬಿಂದುಗಳಿಗೆ ಹೊಂದುತ್ತದೆ. ಆದುದರಿಂದ ರೆಸಲ್ಯೂಶನ್ ಅನ್ನು ಮುಟ್ಟದೆ, ಅಕ್ಷರಗಳ ಅಳತೆಯನ್ನು ಮಾತ್ರ ಶೇಕಡ 125 ಅಥವಾ 150ಕ್ಕೆ ಏರಿಸಿದರೆ, ದೊಡ್ಡ ಅಕ್ಷರದಲ್ಲಿ ಸೀಳಿಗೂ ಒತ್ತಕ್ಷರಕ್ಕೂ ಹೆಚ್ಚು ಬಿಂದುಗಳು ದೊರೆತು ಅವು ಮೊದಲಿಗಿಂತ ಸ್ಪಷ್ಟವಾಗುತ್ತವೆ. ‘ರಾಷ್ಟ್ರ’ ಎಂಬ ಪದದ ಒತ್ತುಗಳನ್ನು ಎರಡೂ ರೀತಿಯಲ್ಲಿ ಬರೆಯಿಸಿ ನೋಡಿದರೆ ಈ ವ್ಯತ್ಯಾಸವು ತಾನಾಗಿಯೇ ಮನದಟ್ಟಾಗುವುದು.

ರೆಸಲ್ಯೂಶನ್ ಇಳಿಸಿದಾಗ ನಡೆಯುವುದೇ ಬೇರೆ. ಗಣಕಯಂತ್ರವು ಅಕ್ಷರವನ್ನು ಮೊದಲು ಕಡಿಮೆ ಬಿಂದುಗಳಲ್ಲಿ ಬರೆದು ಮುಗಿಸುತ್ತದೆ. ಆಮೇಲೆ ಆ ಬರೆದ ಚಿತ್ರವನ್ನು ಪರದೆಯೊಳಗಿನ ಒಂದು ಚಿಪ್ ಹಿಗ್ಗಿಸುತ್ತದೆ. ಆ ಚಿಪ್‌ಗೆ ಇದು ‘ಧ’ ಎಂಬ ಅಕ್ಷರ, ಇದರ ಅಡಿಯ ಸೀಳಿಗೆ ಅರ್ಥವಿದೆ ಎಂಬುದು ತಿಳಿಯದು. ಅಕ್ಷರವೂ ಒಂದೇ, ಗೋಡೆಯ ಬಿರುಕೂ ಒಂದೇ ಅದಕ್ಕೆ. ಸೀಳು ಎರಡು ಬಿಂದುಗಳ ಗಡಿಯ ಮೇಲೆ ಬಿದ್ದರೆ ಎರಡನ್ನೂ ಬೂದುಮಾಡಿ ಮುಂದೆ ಸಾಗುತ್ತದೆ. ನೇರವಾದ ಗೆರೆಗಳು ಹೆಚ್ಚಾಗಿರುವ ಲಿಪಿಗಳಿಗೆ ಇದರಿಂದಾಗುವ ಹಾನಿ ಸ್ವಲ್ಪ ಕಡಿಮೆ. ಎಲ್ಲೆಲ್ಲೂ ದುಂಡಾಗಿ ಬಳುಕುವ, ಕಾಲಡಿಯಲ್ಲಿ ಒತ್ತುಗಳನ್ನು ಹೊತ್ತ ನಮ್ಮ ಲಿಪಿಗೆ ಹಾನಿ ಹೆಚ್ಚು.

ಕೆಲವೊಮ್ಮೆ ರೆಸಲ್ಯೂಶನ್ ನಮಗೆ ತಿಳಿಯದಂತೆಯೇ ಇಳಿದುಬಿಡುತ್ತದೆ. ಶಾಲೆಯಲ್ಲಿ ಗೋಡೆಯ ಮೇಲೆ ಚಿತ್ರ ಬೀರುವ ಪ್ರೊಜೆಕ್ಟರನ್ನು ಜೋಡಿಸಿ, ಎರಡರಲ್ಲೂ ಒಂದೇ ಚಿತ್ರ ಮೂಡಲಿ ಎಂದು ಆಯ್ಕೆ ಮಾಡಿದಾಗ, ಇಬ್ಬರಿಗೂ ಒಪ್ಪುವ ಒಂದು ಲೆಕ್ಕವನ್ನು ಗಣಕಯಂತ್ರವು ಆರಿಸಿಕೊಳ್ಳಬಹುದು. ಪ್ರೊಜೆಕ್ಟರ್ 1024 × 768ರದಾಗಿದ್ದರೆ ಮೇಜಿನ ಮೇಲಿನ ಪರದೆಯೂ ಅದಕ್ಕೇ ಇಳಿಯಬಹುದು. ಪಾಠ ಮುಗಿದ ಮೇಲೆ ಪರದೆ ಮಸುಕಾಗಿಯೇ ಉಳಿದಿದ್ದರೆ ಅದು ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಪ್ರದರ್ಶನದ ಆಯ್ಕೆಗಳನ್ನು ತೆರೆದು, ಶಿಫಾರಸು ಮಾಡಿದ ರೆಸಲ್ಯೂಶನ್ ಎಂದು ಗುರುತಿಸಿರುವುದನ್ನು ಮತ್ತೆ ಆರಿಸಿದರೆ ಸಾಕು.

ಹಿಗ್ಗಿಸುವ ಕೆಲಸವನ್ನು ಪರದೆಯ ಚಿಪ್‌ನ ಬದಲು ಗಣಕಯಂತ್ರದ ಚಿತ್ರಘಟಕವೇ ಮಾಡುವಂತೆ ಹೇಳುವುದೂ ಸಾಧ್ಯ. ಹಳೆಯ ಆಟಗಳನ್ನು ಇಷ್ಟಪಡುವವರು, ತಮ್ಮ ಚಿತ್ರಗಳ ಚೌಕಚೌಕವಾದ ಅಂಚುಗಳು ಮಸುಕಾಗದೆ ಹಾಗೆಯೇ ಉಳಿಯಬೇಕೆಂದು ಬಹುಕಾಲ ಒತ್ತಾಯಿಸುತ್ತಿದ್ದರು. 2019ರಲ್ಲಿ ಇಂಟೆಲ್ ಮತ್ತು ಎನ್‌ವಿಡಿಯಾ ಸಂಸ್ಥೆಗಳು ತಮ್ಮ ಕೆಲವು ಚಿತ್ರಘಟಕಗಳಲ್ಲಿ, ಎರಡು ಪಟ್ಟು, ಮೂರು ಪಟ್ಟು ಎಂದು ಪೂರ್ಣಾಂಕದ ಲೆಕ್ಕದಲ್ಲಿ ಮಾತ್ರ ಹಿಗ್ಗಿಸಿ, ಮಿಕ್ಕುದನ್ನು ಕಪ್ಪು ಅಂಚಾಗಿ ಬಿಡುವ ಸೌಕರ್ಯವನ್ನು ಒದಗಿಸಿದವು. ಬಹು ಸರಳವಾದ ಈ ಉಪಾಯಕ್ಕೆ ಇಷ್ಟು ಕಾಲ ಕಾಯಬೇಕಾಯಿತೆಂಬುದು ವಿಚಿತ್ರವೇ ಸರಿ.

ಬಿಂದುಗಳು ದಿನದಿಂದ ದಿನಕ್ಕೆ ಸಣ್ಣವಾಗುತ್ತಿರುವುದರಿಂದ ಈ ತೊಡಕು ಬೇರೊಂದು ರೀತಿಯಲ್ಲಿಯೂ ಸಡಿಲಗೊಳ್ಳುತ್ತಿದೆ. ಮನುಷ್ಯನ ಕಣ್ಣು ಸಾಮಾನ್ಯವಾಗಿ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲಿನಷ್ಟು ಕೋನದಲ್ಲಿರುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಅರವತ್ತು ಸೆಂಟಿಮೀಟರ್ ದೂರದಲ್ಲಿ ಕುಳಿತವನಿಗೆ ಇದು ಸುಮಾರು 0.17 ಮಿಲಿಮೀಟರ್ ಆಗುತ್ತದೆ. ಇಪ್ಪತ್ತೊಂದೂವರೆ ಅಂಗುಲದ 1920 × 1080ರ ಪರದೆಯಲ್ಲಿ ಒಂದು ಬಿಂದುವಿನ ಅಗಲವು 0.25 ಮಿಲಿಮೀಟರ್, ಅದರ ಬೂದುಬಣ್ಣವು ಕಣ್ಣಿಗೆ ಬೀಳಲೇಬೇಕು. ಇಪ್ಪತ್ತನಾಲ್ಕು ಅಂಗುಲದ 3840 × 2160ರ ಪರದೆಯಲ್ಲಿ ಅದೇ ಅಗಲವು 0.14 ಮಿಲಿಮೀಟರ್ ಮಾತ್ರ. ಅಲ್ಲಿಯೂ ಎಳೆಗಳ ಲೆಕ್ಕ ತಪ್ಪಿದಾಗ ಬೂದುಬಣ್ಣವು ಹುಟ್ಟುವುದು ತಪ್ಪಿಲ್ಲ. ಆದರೆ ಬೀದಿಯ ಆಚೆ ಬದಿಯಿಂದ ನೋಡುವವನಿಗೆ ಇಳಕಲ್ ಸೀರೆಯ ಕೊಂಡಿಗಳು ಕಾಣದಿರುವಂತೆ, ಕುಳಿತಲ್ಲಿಂದ ಅದು ಕಣ್ಣಿಗೆ ಸಿಕ್ಕುವುದಿಲ್ಲ.